ಅಂಗಳದ ನೈದಿಲೆಗೆ ಯಾವ ಬಾನಿ? ಆಳ, ಅಗಲ, ಭಾರ, ಬೆಲೆಯ ಲೆಕ್ಕ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ದಿನಗಳಲ್ಲಿ ತೆರೆದಿಟ್ಟ ನೀರು ದಿನಕ್ಕೆ 10 ಮಿಲಿಮೀಟರ್ ಇಳಿಯುತ್ತದೆಂದು ಹಿಡಿದು ಲೆಕ್ಕ ಹಾಕೋಣ. ಹೂ ತೇಲಿಬಿಡಲು ಜನ ಇಷ್ಟಪಡುವ ಹಿತ್ತಾಳೆ ಉರುಳಿಯಲ್ಲಿ 10 ಸೆಂ.ಮೀ. ನೀರು ನಿಲ್ಲುತ್ತದೆ. ಮತ್ತೆ ಹೊಯ್ಯದಿದ್ದರೆ ಅದು ಹತ್ತೇ ದಿನಕ್ಕೆ ಬರಿದು. ಮನೆಯ ಮುಂದೆಯೇ ಗೌಂಡಿಯಿಂದ ಮಾಡಿಸಿದ ಸಿಮೆಂಟ್ ಬಾನಿಯಲ್ಲಿ 40 ಸೆಂ.ಮೀ. ನೀರಿದ್ದರೆ ನಲವತ್ತು ದಿನ ತಾಳುತ್ತದೆ. ಉರುಳಿಯಲ್ಲಿ 12 ಕೆ.ಜಿ. ಹಿತ್ತಾಳೆ ಇದೆ, ಕೆ.ಜಿ.ಗೆ 700 ರೂಪಾಯಿ ಎಂದು ಹಿಡಿದರೆ ಬೆಲೆ 8,400. ಬಾನಿಗೆ ಬೀಳುವುದು 1,200ರ ಆಸುಪಾಸು.

ಕಟ್ಟೆಯ ಪಕ್ಕ, ಮೆಟ್ಟಿಲ ಬದಿ, ಹಿತ್ತಲ ಮೂಲೆಯಲ್ಲಿ ಒಂದು ಪಾತ್ರೆ ಇಟ್ಟು ನೈದಿಲೆ ಬೆಳೆಸುವ ಆಸೆ ಒಳ್ಳೆಯದು. ಬಿಸಿಲ ನಾಡಿನಲ್ಲಿ ಕಣ್ಣಿಗೆ ತಂಪು ಕೊಡುವ ಅಂಥ ಮೂಲೆ ಪ್ರತಿ ಮನೆಗೂ ಬೇಕು. ಆದರೆ ಪಾತ್ರೆಯನ್ನು ಅಂಗಡಿಯ ಬೆಳಕಿನಲ್ಲಿ ನೋಡಿ ಆರಿಸಿದರೆ ಮೇ ತಿಂಗಳಲ್ಲಿ ಅದರ ಚೆಲುವು ಉಳಿಯದು. ನೀರು ಇಳಿದು ಅಂಚಿಗೆ ಬಿಳಿ ಉಪ್ಪು ಕಟ್ಟಿದ ಪಾತ್ರೆ, ಅದು ಎಷ್ಟೇ ಬೆಲೆಬಾಳಲಿ, ನೋಡಲು ಚೆನ್ನಾಗಿರುವುದಿಲ್ಲ. ನಮ್ಮ ಸೀಮೆಯಲ್ಲಿ ಚೆಂದದ ಪಾತ್ರೆಯೆಂದರೆ ತುಂಬಿರುವ ಪಾತ್ರೆ. ಹೀಗಾಗಿ ಟೇಪು ಹಿಡಿದೇ ಆಯ್ಕೆಗೆ ಹೊರಡಬೇಕು.

ಅಗಲ ಕೊಡ ಹೇಳುತ್ತದೆ, ಆಳ ದಿನ ಹೇಳುತ್ತದೆ

ಒಂದು ಚದರ ಮೀಟರ್ ನೀರಿನ ಮೇಲ್ಮೈಯಿಂದ 1 ಮಿ.ಮೀ. ನೀರು ಆರಿದರೆ ಹೋಗುವುದು ಸರಿಯಾಗಿ 1 ಲೀಟರ್. ಎಷ್ಟು ಲೀಟರ್ ಆರುತ್ತದೆ ಎಂಬುದನ್ನು ಪಾತ್ರೆಯ ಬಾಯಿಯ ಅಗಲ ತೀರ್ಮಾನಿಸುತ್ತದೆ, ಎಷ್ಟು ದಿನ ತಾಳುತ್ತದೆ ಎಂಬುದನ್ನು ಆಳ. ನೇರ ಗೋಡೆಯ ಪಾತ್ರೆ ಚಿಕ್ಕದಿರಲಿ ದೊಡ್ಡದಿರಲಿ, 10 ಸೆಂ.ಮೀ. ಆಳದ್ದು ದಿನಕ್ಕೆ ಶೇ 10ರಷ್ಟು ನೀರು ಕಳೆದುಕೊಳ್ಳುತ್ತದೆ, 40 ಸೆಂ.ಮೀ. ಆಳದ್ದು ಶೇ 2.5ರಷ್ಟು ಮಾತ್ರ.

ನಮ್ಮ ಪೇಟೆಗಳಲ್ಲಿ ಸಿಗುವ ಐದು ಬಗೆಯ ಪಾತ್ರೆಗಳನ್ನು, ಅಂಚಿನಿಂದ ಒಂದಿಷ್ಟು ಕೆಳಗಿನವರೆಗೆ ನೀರು ತುಂಬಿ, ಇದೇ ಲೆಕ್ಕಕ್ಕೆ ಹಚ್ಚಿದರೆ ಸಿಗುವ ಅಂಕಿ ಇವು:

| ಪಾತ್ರೆ | ಬಾಯಿ (ಸೆಂ.ಮೀ.) | ನೀರಿನ ಆಳ (ಸೆಂ.ಮೀ.) | ಹಿಡಿಯುವ ನೀರು (ಲೀ.) | ಬೇಸಿಗೆಯಲ್ಲಿ ದಿನಕ್ಕೆ ಆರುವುದು (ಲೀ.) | ಕಾಲು ಭಾಗ ಇಳಿಯಲು ದಿನ |
|---|---|---|---|---|---|
| ಹಿತ್ತಾಳೆ ಉರುಳಿ | 60 ದುಂಡು | 10 | 28 | 2.8 | 2.5 |
| ಪ್ಲಾಸ್ಟಿಕ್ ಟಬ್ | 60 ದುಂಡು | 25 | 71 | 2.8 | 6 |
| 200 ಲೀ. ಡ್ರಮ್ಮಿನ ಅರ್ಧ | 57 ದುಂಡು | 40 | 102 | 2.6 | 10 |
| ಕಲ್ಲಿನ ಬಾನಿ | 90 × 45 | 35 | 142 | 4.1 | 9 |
| ಸಿಮೆಂಟ್ ಬಾನಿ | 75 ದುಂಡು | 40 | 177 | 4.4 | 10 |

ಕೊನೆಯ ಕಾಲಂ ಮುಖ್ಯ. ನೀರು ಕಾಲು ಭಾಗಕ್ಕಿಂತ ಹೆಚ್ಚು ಇಳಿದರೆ ನೈದಿಲೆಯ ಎಲೆ ಜೋತುಬೀಳುತ್ತದೆ, ಮೀನಿಗೆ ಬಿಸಿ ತಟ್ಟುತ್ತದೆ. ನಳದಲ್ಲಿ ದಿನಬಿಟ್ಟು ದಿನವೂ ನೀರು ಬಾರದ ಓಣಿಗಳಲ್ಲಿ ಎರಡೂವರೆ ದಿನದ ಉರುಳಿ ಮನೆಯವರಿಗೆ ದಿನನಿತ್ಯದ ಚಿಂತೆ. ಹತ್ತು ದಿನ ತಾಳುವ ಬಾನಿ ಇದ್ದರೆ ಜಾತ್ರೆಗೋ ಬೀಗರ ಊರಿಗೋ ಒಂದು ವಾರ ಹೋಗಿಬರಬಹುದು. ಕನಿಷ್ಠ 35 ಸೆಂ.ಮೀ. ನೀರು ನಿಲ್ಲುವ ಪಾತ್ರೆಯನ್ನೇ ತೆಗೆದುಕೊಳ್ಳಿ. ಅದಕ್ಕಿಂತ ಕಡಿಮೆಯದು ಹಬ್ಬದ ದಿನ ಹೂ ತೇಲಿಸಲು ಸಾಕು, ತೋಟಕ್ಕೆ ಸಾಲದು.

ವರ್ಷಕ್ಕೆ ಎಷ್ಟು ಕೊಡ?

ಮಾರ್ಚಿನಿಂದ ಮೇವರೆಗೆ ದಿನಕ್ಕೆ ಸರಾಸರಿ 9 ಮಿ.ಮೀ., ಮಳೆಗಾಲದ ನಾಲ್ಕು ತಿಂಗಳು 6 ಮಿ.ಮೀ., ಉಳಿದ ಐದು ತಿಂಗಳು 5 ಮಿ.ಮೀ. ಎಂದು ಹಿಡಿದರೆ ವರ್ಷಕ್ಕೆ ಆರುವುದು ಸುಮಾರು 2,315 ಮಿ.ಮೀ. ರಾಯಚೂರು ಜಿಲ್ಲೆಯಲ್ಲಿ ಬೀಳುವ ಮಳೆ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು. ಆಕಾಶ ಕೊಟ್ಟದ್ದಕ್ಕಿಂತ ಬಿಸಿಲು ಒಯ್ಯುವುದೇ ಸುಮಾರು ನಾಲ್ಕು ಪಟ್ಟು. ಈ ಕೊರತೆಯನ್ನು ನಾವೇ ತುಂಬಬೇಕು.

75 ಸೆಂ.ಮೀ. ಬಾಯಿಯ ಸಿಮೆಂಟ್ ಬಾನಿಯಿಂದ ವರ್ಷಕ್ಕೆ ಆರುವುದು 1,023 ಲೀಟರ್. ಅದರ ಮೇಲೆ ಬಿದ್ದ ಮಳೆ ಪೂರ್ತಿ ನಿಂತರೆ 265 ಲೀಟರ್. ಮೇಲಿಂದ ಹೊಯ್ಯಬೇಕಾದ್ದು 758 ಲೀಟರ್, ಅಂದರೆ 15 ಲೀಟರಿನ ಕೊಡದಲ್ಲಿ 50 ಕೊಡ. ಡ್ರಮ್ಮಿನ ಅರ್ಧಕ್ಕೆ 29 ಕೊಡ, ಟಬ್ಬಿಗೆ 32, ಕಲ್ಲಿನ ಬಾನಿಗೆ 46.

ನೀರಿಗೆ ಕಷ್ಟವಿರುವಲ್ಲಿ ಇದು ದುಂದು ಎನ್ನುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ, ಉತ್ತರವನ್ನು ಅಂಕಿಯಲ್ಲೇ ಕೊಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಾಡು ಸಿಂಧನೂರು. ಒಂದು ಕೆ.ಜಿ. ಅಕ್ಕಿ ಬೆಳೆಯಲು ಸಾಮಾನ್ಯವಾಗಿ ಹೇಳುವ ಲೆಕ್ಕ 2,500 ಲೀಟರ್. ಬಾನಿಯ ಇಡೀ ವರ್ಷದ ನೀರಿನಲ್ಲಿ ಬೆಳೆಯಬಹುದಾದ ಅಕ್ಕಿ 300 ಗ್ರಾಂ, ಅಂದರೆ ಒಂದು ಮನೆಯ ಒಂದು ಹೊತ್ತಿನ ಅನ್ನ. ಅಷ್ಟನ್ನೂ ಮಳೆನೀರಿನಿಂದಲೇ ಹೊಂದಿಸಬಹುದು. ಮಾಳಿಗೆಯ ಕೇವಲ 2 ಚದರ ಮೀಟರ್ ಜಾಗದ ಮೇಲೆ ಬಿದ್ದ 600 ಮಿ.ಮೀ. ಮಳೆಯಲ್ಲಿ ಶೇ 80ರಷ್ಟು ಹಿಡಿದರೂ 960 ಲೀಟರ್ ಆಯಿತು. ಮಳೆಗಾಲದ ಕೊನೆಯಲ್ಲಿ 500 ಲೀಟರಿನ ಮುಚ್ಚಿದ ಟ್ಯಾಂಕ್ ತುಂಬಿಸಿಟ್ಟುಕೊಂಡರೆ ಕಾಲುವೆ ಬಂದಾಗಿರುವ ಬೇಸಿಗೆಯನ್ನು ಬಾನಿ ದಾಟುತ್ತದೆ.

ಬೋರಿನ ನೀರಿನ ಉಪ್ಪು

ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ 10500. ನಿಮ್ಮ ಬೋರ್‌ವೆಲ್ಲಿನ ನೀರಿನಲ್ಲಿ 1,000 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಬಾನಿ ತುಂಬಿಸಿದ ದಿನ 177 ಗ್ರಾಂ ಉಪ್ಪು ಒಳಗೆ ಹೋಯಿತು. ವರ್ಷವಿಡೀ ಹೊಯ್ದ 758 ಲೀಟರಿನಿಂದ ಇನ್ನೂ 758 ಗ್ರಾಂ. ನೀರು ಬದಲಿಸದಿದ್ದರೆ, ಮಳೆಗೆ ಉಕ್ಕಿ ಹೋಗದಿದ್ದರೆ, ವರ್ಷದ ಕೊನೆಗೆ ಲೀಟರಿಗೆ 5.3 ಗ್ರಾಂ. ಆ ನೀರಿನಲ್ಲಿ ನೈದಿಲೆಯ ಎಲೆಯ ಅಂಚು ಸುಟ್ಟಂತಾಗುತ್ತದೆ, ಹೊಸ ಚಿಗುರು ನಿಲ್ಲುತ್ತದೆ.

ಎರಡು ತಿಂಗಳಿಗೊಮ್ಮೆ ಅರ್ಧ ನೀರು ತೆಗೆದು ಗಿಡಗಳಿಗೆ ಹೊಯ್ದು ಹೊಸ ನೀರು ತುಂಬಿದರೆ ಈ ಏರಿಕೆ ಹತೋಟಿಗೆ ಬರುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮಾತ್ರ ಬಾನಿಗೆ ಹಾಕಬೇಡಿ. ಅದರಲ್ಲಿ ಉಪ್ಪು ಮೊದಲೇ ಒಟ್ಟಾಗಿರುತ್ತದೆ. ಮಳೆನೀರಿಗೂ ಕಾಲುವೆಯಿಂದ ಬಂದ ನಳದ ನೀರಿಗೂ ಮೊದಲ ಸ್ಥಾನ, ಬೋರಿನ ನೀರಿಗೆ ಕೊನೆಯದು. ನಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರಾದ್ದರಿಂದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹೊಯ್ಯುವುದು ಮೀನಿಗೆ ಒಳ್ಳೆಯದು.

ಒಂದು ತಾಸಿನ ಬಿಸಿಲು

ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 800 ವ್ಯಾಟ್. ಅದೆಲ್ಲ ನೀರಿಗೇ ಇಳಿಯಿತೆಂದರೆ ಒಂದು ತಾಸಿನಲ್ಲಿ 10 ಸೆಂ.ಮೀ. ಆಳದ ನೀರು 7 ಡಿಗ್ರಿಯಷ್ಟು ಏರುತ್ತದೆ, 40 ಸೆಂ.ಮೀ. ಆಳದ್ದು 2 ಡಿಗ್ರಿಗೂ ಕಡಿಮೆ. ಇದು ಮೇಲ್ಮಿತಿ. ಗಾಳಿಗೂ ಆವಿಗೂ ಒಂದಿಷ್ಟು ಶಾಖ ಹೋಗುತ್ತದೆ. ಆದರೂ ನಾಲ್ಕು ಪಟ್ಟಿನ ಅಂತರ ಅಂತರವೇ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ತಗ್ಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.5, 40 ಡಿಗ್ರಿಯಲ್ಲಿ 6.4 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಕಪ್ಪು ಟಬ್, ಕಡುನೀಲಿ ಡ್ರಮ್ ಬಿಸಿಲನ್ನು ಪಕ್ಕಗಳಿಂದಲೂ ಹೀರುತ್ತವೆ. ಸಿಮೆಂಟ್ ಬಾನಿಯ ಹೊರಗೆ ಎರಡು ಸಲ ಸುಣ್ಣ ಬಳಿಯುವುದೇ ಅಗ್ಗದ ಮದ್ದು, ನೋಡಲೂ ಚೆಂದ. ಬಾಯಿಯ ಸುತ್ತ ನಾಲ್ಕು ಬೆರಳಗಲ ಕೆಮ್ಮಣ್ಣಿನ ಪಟ್ಟಿ ಎಳೆದರೆ ಅಂಗಳಕ್ಕೆ ಹೊಂದಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಸುಣ್ಣ ಹಿಡಿಯದು. ಅದಕ್ಕೆ ಬಿಳಿ ಪೇಂಟ್ ಹೊಡೆಯಬೇಕು, ಇಲ್ಲವೇ ಸುತ್ತ ಶಹಾಬಾದ್ ಕಲ್ಲಿನ ತುಂಡುಗಳನ್ನು ನಿಲ್ಲಿಸಬೇಕು. ಜಾಗ ಆರಿಸುವಾಗ ಮನೆಯ ಪೂರ್ವದ ಬದಿ ನೋಡಿ. ನೈದಿಲೆ ಹೂ ಬಿಡಲು ನಾಲ್ಕೈದು ತಾಸು ಬಿಸಿಲು ಬೇಕು, ಅದನ್ನು ಮುಂಜಾನೆಯೇ ಕೊಟ್ಟು ಮಧ್ಯಾಹ್ನ ಗೋಡೆಯ ನೆರಳು ಸಿಗುವಂತಿರಲಿ.

ಮಣ್ಣು, ಕಲ್ಲು, ತಾಮ್ರ

ಕಲ್ಲು, ಮಣ್ಣಿನ ಪಾತ್ರೆಗೆ ಈ ಸೀಮೆಯಲ್ಲಿ ಸಾವಿರಾರು ವರ್ಷದ ನಂಟಿದೆ. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕ ಮಸ್ಕಿಯಲ್ಲಿ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಉತ್ಖನನ ನಡೆಸಿದಾಗ ನವಶಿಲಾಯುಗದಿಂದ ಬೃಹತ್ ಶಿಲಾಯುಗದವರೆಗಿನ ಪದರಗಳಲ್ಲಿ ಮಡಕೆಗಳು ಹೊರಬಂದವು, ಕಪ್ಪು–ಕೆಂಪು ಬಣ್ಣದವೂ ಸೇರಿ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗಲೂ ಹಾಗೆಯೇ. ದನ ಕಟ್ಟುವ ಮನೆಗಳಲ್ಲಿ ಕಲ್ಲಿನ ಬಾನಿ ಇನ್ನೂ ಕಾಣಸಿಗುತ್ತದೆ. ಆದರೆ ನಂಟಿದೆ ಎಂದ ಮಾತ್ರಕ್ಕೆ ಎಲ್ಲವೂ ಹೊಂದುವುದಿಲ್ಲ. ಒಂದೊಂದನ್ನೂ ಅಳೆದೇ ನೋಡಬೇಕು.

ಮಣ್ಣಿನ ಹರವಿಯ ಅಳತೆ ನೋಡಿ. 45 ಸೆಂ.ಮೀ. ಹೊಟ್ಟೆ, 50 ಸೆಂ.ಮೀ. ಎತ್ತರ, 30 ಸೆಂ.ಮೀ. ಬಾಯಿ. ಬಾಯಿಯ ವಿಸ್ತೀರ್ಣ 0.07 ಚದರ ಮೀಟರ್, ಗೋಡೆಯದು 0.7, ಸರಿಯಾಗಿ ಹತ್ತು ಪಟ್ಟು. ಹರವಿ ಗೋಡೆಯಿಂದ ಬೆವರುತ್ತದೆ. ಕುಡಿಯುವ ನೀರು ತಣ್ಣಗಿರುವುದು ಅದರಿಂದಲೇ. ಬಾಯಿಯಿಂದ ದಿನಕ್ಕೆ 0.7 ಲೀಟರ್ ಮಾತ್ರ ಆರುತ್ತದೆ. ಗೋಡೆ ತೆರೆದ ನೀರಿನ ಮೂರನೇ ಒಂದರಷ್ಟು ವೇಗದಲ್ಲಿ ಆರಿದರೂ ಅದಕ್ಕೆ 2.4 ಲೀಟರ್ ಸೇರಿ ಒಟ್ಟು 3 ಲೀಟರ್ ದಾಟುತ್ತದೆ. ಒಳಗೆ ಎರಡು ಸಲ ಸಿಮೆಂಟ್ ಹಾಲು ಬಳಿದು ಒಣಗಿಸಿದರೆ ಈ ಸೋರಿಕೆ ಬಹುಪಾಲು ನಿಲ್ಲುತ್ತದೆ. 30 ಸೆಂ.ಮೀ. ಬಾಯಿಯಲ್ಲಿ ನೈದಿಲೆಯ ಎಲೆ ಹರಡಲು ಜಾಗವಿಲ್ಲ. ನೆಟ್ಟಗೆ ಬೆಳೆಯುವ ಬಜೆ, ಕೆಸುವಿಗೆ ಹರವಿ ಹೇಳಿ ಮಾಡಿಸಿದ್ದು.

ಕಲ್ಲಿನ ಬಾನಿಗೆ ಅದರ ಭಾರವೇ ಗುಣ, ಭಾರವೇ ತೊಡಕು. ಒಳಗೆ 90×45×40 ಸೆಂ.ಮೀ., ಗೋಡೆ 8 ಸೆಂ.ಮೀ., ತಳ 10 ಸೆಂ.ಮೀ. ಇರುವ ಗ್ರಾನೈಟ್ ಬಾನಿಯ ತೂಕ ಸುಮಾರು 435 ಕೆ.ಜಿ. ನೀರು ಸೇರಿ 577. ಒಮ್ಮೆ ಇಟ್ಟ ಜಾಗವೇ ಅದರ ಜಾಗ. ದನ ಬಿಟ್ಟ ಮನೆಯಿಂದ ಕೊಂಡು, ಟ್ರ್ಯಾಕ್ಟರ್ ಬಾಡಿಗೆಯೂ ಸೇರಿ 5,000 ಬಿತ್ತೆಂದರೂ ಮೊಮ್ಮಕ್ಕಳ ಕಾಲಕ್ಕೂ ಅದು ಇರುತ್ತದೆ. ಉಳಿ ಹೊಡೆದ ಗುರುತಿರುವ ಹೊರಮೈ, ಉಜ್ಜಿ ಉಜ್ಜಿ ನುಣುಪಾದ ಅಂಚು, ಒಳಗೆ ತಿಳಿನೀರು: ಇದಕ್ಕೆ ಯಾವ ಅಲಂಕಾರವೂ ಬೇಡ.

ತಾಮ್ರದ ಹಂಡೆ ಕಣ್ಣಿಗೆ ಎಷ್ಟೇ ಚೆಲುವಾದರೂ ಮೀನು ಬಿಡುವ ತೋಟಕ್ಕೆ ಬೇಡ. ನೀರಿಗಿಳಿಯುವ ಅಲ್ಪ ತಾಮ್ರವೂ ಮೀನಿಗೆ, ಬಸವನಹುಳಕ್ಕೆ ವಿಷ. ಹಂಡೆಯನ್ನೇ ಇಡಬೇಕೆಂದಿದ್ದರೆ ಒಳಗೊಂದು ಪ್ಲಾಸ್ಟಿಕ್ ಬಕೆಟ್ ಕೂರಿಸಿ. ಹಳೆಯ ಡ್ರಮ್ ಕೊಳ್ಳುವವರು ಅದರಲ್ಲಿ ಮೊದಲು ಏನಿತ್ತೆಂದು ಕೇಳಿ ತಿಳಿಯಬೇಕು. ಭತ್ತ, ಹತ್ತಿಯ ನಾಡಿನಲ್ಲಿ ಕೀಟನಾಶಕದ ಡ್ರಮ್ಮುಗಳೂ ಕೈಬದಲಾಗುತ್ತವೆ. ಅಂಥದ್ದನ್ನು ಎಷ್ಟು ತೊಳೆದರೂ ಮನೆಗೆ ತರಬಾರದು.

ಸಿಮೆಂಟ್ ಬಾನಿಯ ಬಿಲ್ಲು

75 ಸೆಂ.ಮೀ. ಒಳಬಾಯಿ, 45 ಸೆಂ.ಮೀ. ಒಳ ಎತ್ತರ, 5 ಸೆಂ.ಮೀ. ಗೋಡೆ, 7.5 ಸೆಂ.ಮೀ. ತಳ. ಒಟ್ಟು ಕಾಂಕ್ರೀಟ್ ಸುಮಾರು 0.1 ಘನ ಮೀಟರ್. 1:2:4ರ ಮಿಶ್ರಣದಲ್ಲಿ ಬೇಕಾಗುವ ಸಾಮಾನು, ಈ ದರ ಹಿಡಿದು:

- ಸಿಮೆಂಟ್ 31 ಕೆ.ಜಿ., ಚೀಲಕ್ಕೆ 400ರಂತೆ: 250 ರೂ.
- ಉಸುಕು 1.5 ಘನ ಅಡಿ, 60ರಂತೆ: 90 ರೂ.
- ಖಡಿ 3 ಘನ ಅಡಿ, 40ರಂತೆ: 120 ರೂ.
- ಜಾಲರಿ, ನೀರು ತಡೆಯುವ ಪುಡಿ: 240 ರೂ.
- ಗೌಂಡಿಯ ಅರ್ಧ ದಿನದ ಕೂಲಿ: 500 ರೂ.

ಒಟ್ಟು 1,200. ನಿಮ್ಮೂರಿನ ದರ ಬೇರೆಯಿದ್ದರೆ ಅದನ್ನು ಹಾಕಿ, ಪ್ರಮಾಣ ಬದಲಾಗದು. ತೋಟ ಪೂರ್ತಿಯಾಗಲು ನೈದಿಲೆ ಗಡ್ಡೆಗೆ 200, ಒಳಗಿಡುವ ಕುಂಡಕ್ಕೆ 80, ಬಜೆಗೆ 50, ಹತ್ತು ಗಪ್ಪಿ ಮೀನಿಗೆ 100, ಕಬ್ಬಿಣದ ಜಾಲರಿಗೆ 250, ಕೆಳಗೆ ಹಾಸುವ ಗರಸಿಗೆ 220 ಸೇರಿಸಿ. ಎಲ್ಲ ಸೇರಿ 2,100.

ಬಾನಿ ಇಪ್ಪತ್ತು ವರ್ಷ ಬಾಳಿದರೆ ವರ್ಷಕ್ಕೆ 60 ರೂಪಾಯಿ ಬಿತ್ತು. 600 ರೂಪಾಯಿಯ ಟಬ್ ಈ ಬಿಸಿಲಿಗೆ ಮೂರು ವರ್ಷಕ್ಕೆ ಸಿಡಿದರೆ ವರ್ಷಕ್ಕೆ 200. ಇನ್ನು ನೀರು: 5,000 ಲೀಟರಿನ ಟ್ಯಾಂಕರಿಗೆ 800 ಎಂದು ಹಿಡಿದರೆ 758 ಲೀಟರಿಗೆ 121 ರೂಪಾಯಿ. ಬಾನಿಯ ವರ್ಷದ ಪಾಲಿಗಿಂತ ನೀರಿನದೇ ಎರಡರಷ್ಟು. ಪಾತ್ರೆಯ ಬೆಲೆ ಒಂದು ದಿನದ್ದು, ನೀರಿನ ಬೆಲೆ ಪ್ರತಿ ದಿನದ್ದು.

ಹೊಸ ಸಿಮೆಂಟಿನಲ್ಲಿ ಗಿಡ, ಮೀನು ಕೂಡಲೇ ಬಿಡಬಾರದು. ಅದರ ಸುಣ್ಣದಂಶ ನೀರನ್ನು ತೀವ್ರ ಕ್ಷಾರವಾಗಿಸುತ್ತದೆ. ಎರಡು–ಮೂರು ವಾರ ನೀರು ನಿಲ್ಲಿಸಿ, ಮೂರು–ನಾಲ್ಕು ಸಲ ಚೆಲ್ಲಿ ಬದಲಿಸಿದ ಮೇಲೆಯೇ ನೆಡಬೇಕು. ಈ ನೀರು ಗೌಂಡಿಗೂ ಬೇಕಾದದ್ದೇ, ಕ್ಯೂರಿಂಗ್ ತಾನಾಗಿ ಆಗುತ್ತದೆ.

ಕೆಳಗಿನ ನೆಲ, ಮೇಲಿನ ಮಾಳಿಗೆ

ಈ ಬಾನಿ ಖಾಲಿಯಿದ್ದಾಗ 238 ಕೆ.ಜಿ., ನೀರು ಸೇರಿ 415. ಅದು ಕೂರುವ ಜಾಗ 0.57 ಚದರ ಮೀಟರ್. ಅಂದರೆ ಚದರ ಮೀಟರಿಗೆ 730 ಕೆ.ಜಿ. ಭಾರ. ಜನ ಓಡಾಡುವ ಆರ್‌ಸಿಸಿ ಮಾಳಿಗೆಗೆ ಭಾರತೀಯ ಮಾನಕ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 150 ಕೆ.ಜಿ. ಆಸುಪಾಸು. ಮಾಳಿಗೆಯ ಮೇಲೆ ಸಿಮೆಂಟ್, ಕಲ್ಲಿನ ಬಾನಿ ಎರಡೂ ಬೇಡ. 75 ಕೆ.ಜಿ. ಒಳಗಿನ ಟಬ್ಬನ್ನು ಗೋಡೆಯ ನೆತ್ತಿಗೆ ಸರಿಯಾಗಿ ಇಡಬಹುದು. ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ಮೇಲೆ ಅದೂ ಬೇಡ.

ಸಿಂಧನೂರಿನ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಇಟ್ಟ ಬಾನಿ ಒಂದೆರಡು ವರ್ಷದಲ್ಲಿ ವಾಲುತ್ತದೆ. ನೀರು ಮಾತ್ರ ಮಟ್ಟ ಬಿಡುವುದಿಲ್ಲವಾದ್ದರಿಂದ ಒಂದು ಬೆರಳು ವಾಲಿದರೂ ಕಣ್ಣಿಗೆ ಕುಕ್ಕುತ್ತದೆ. 1 ಮೀಟರ್ ಉದ್ದ, 1 ಮೀಟರ್ ಅಗಲ, 30 ಸೆಂ.ಮೀ. ಆಳ ಅಗೆದು ಸುಮಾರು 11 ಘನ ಅಡಿ ಗರಸು ತುಂಬಿ ದಮ್ಮಸು ಮಾಡಿದರೆ ಆ ತೊಂದರೆಯಿಲ್ಲ. ಲಿಂಗಸುಗೂರು, ಮಸ್ಕಿಯಲ್ಲಿ ಕೆಂಪು ಗರಸು ನೆಲ, ಬಂಡೆಯ ನೆಲ ಸಿಕ್ಕವರಿಗೆ ನಾಲ್ಕು ಬೆರಳು ಉಸುಕಿನ ಹಾಸು ಸಾಕು.

ಸೊಳ್ಳೆ, ಮಕ್ಕಳು, ಅಂತರಗಂಗೆ

ಸೊಳ್ಳೆಯ ಮೊಟ್ಟೆ ನಮ್ಮ ಬಿಸಿಲಿಗೆ 7ರಿಂದ 10 ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ 2024ರಲ್ಲಿ ರಾಜ್ಯ ಸರ್ಕಾರ ತಂದ ನಿಯಮದಂತೆ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ. ದಂಡಕ್ಕಿಂತ ಜ್ವರದ ಭಯ ದೊಡ್ಡದು. ಬಾನಿಯಲ್ಲಿ ಎಂಟು–ಹತ್ತು ಗಪ್ಪಿ ಇದ್ದರೆ ಮರಿಹುಳು ಉಳಿಯುವುದಿಲ್ಲ. ಮೀನು ಬದುಕದ ಉರುಳಿಯನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತಿಕ್ಕಲೇಬೇಕು. ಅಲ್ಲಿಗೆ ಅದರ ನೀರಿನ ಖರ್ಚಿಗೆ ವಾರಕ್ಕೆ ಇನ್ನೂ 28 ಲೀಟರ್ ಸೇರಿತು.

ಅಂಬೆಗಾಲಿಡುವ ಮಗುವಿಗೆ 5 ಸೆಂ.ಮೀ. ನೀರೂ ಅಪಾಯ. ನೀರಿನ ಮಟ್ಟಕ್ಕಿಂತ ಮೇಲೆ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿ. ಹೂ ಅದರ ಸಂದಿನಿಂದ ಮೇಲೆ ಬರುತ್ತದೆ. ಅಂತರಗಂಗೆ ಹಾಕುವ ಆಸೆ ಬಿಡಿ. ಒಂದು ತುಂಡು ಕಾಲುವೆಗೋ ಕೆರೆಗೋ ಬಿದ್ದರೆ ಊರಿಗೇ ಕಾಟ.

ನೆಡುವ ಲೆಕ್ಕ ಸರಳ. ಹೊಲದ ಎರೆ ಮಣ್ಣು ತುಂಬಿದ 10 ಲೀಟರಿನ ಕುಂಡದಲ್ಲಿ ಒಂದೇ ನೈದಿಲೆ, ಮೇಲೆ ಎರಡು ಬೆರಳು ದಪ್ಪ ಉಸುಕು, ಬದಿಗೊಂದು ಬಜೆ. ಎಲೆಗಳು ಮೇಲ್ಮೈಯ ಮೂರರಲ್ಲಿ ಎರಡು ಪಾಲು ಮುಚ್ಚಲಿ, ಒಂದು ಪಾಲು ಆಕಾಶಕ್ಕೆ ಬಿಡಿ. ಕಟ್ಟೆಯ ಮೇಲೆ ಕೂತವರಿಗೆ 45 ಸೆಂ.ಮೀ. ಎತ್ತರದ ಬಾನಿಯ ನೀರು ಬಗ್ಗದೆಯೇ ಕಾಣುತ್ತದೆ.

ಯಾರಿಗೆ ಯಾವುದು?

ಸ್ವಂತ ಅಂಗಳವಿದ್ದು ಹಳೆಯ ಕಲ್ಲಿನ ಬಾನಿ ಸಿಕ್ಕರೆ ಎರಡನೇ ಯೋಚನೆ ಬೇಡ. ಸಿಗದಿದ್ದರೆ ಸುಣ್ಣ–ಕೆಮ್ಮಣ್ಣು ಬಳಿದ ಸಿಮೆಂಟ್ ಬಾನಿ: ವರ್ಷಕ್ಕೆ 60 ರೂಪಾಯಿ, 50 ಕೊಡ ನೀರು, ಹತ್ತು ದಿನದ ನೆಮ್ಮದಿ. ಬಾಡಿಗೆ ಮನೆಯವರಿಗೆ ಬಿಳಿ ಪೇಂಟ್ ಹೊಡೆದ ಅರ್ಧ ಡ್ರಮ್. 102 ಲೀಟರ್ ಹಿಡಿಯುವ ಅದು ವರ್ಷಕ್ಕೆ 29 ಕೊಡವಷ್ಟೇ ಕೇಳುತ್ತದೆ, ಮನೆ ಬದಲಿಸುವಾಗ ಜೊತೆಗೆ ಒಯ್ಯಬಹುದು. ಬಿಸಿಲು ಕಡಿಮೆ ಬೀಳುವ ಪಡಸಾಲೆಯ ಮೂಲೆಗೆ ಒಳಗೆ ಸಿಮೆಂಟ್ ಹಾಲು ಬಳಿದ ಹರವಿ, ಅದರಲ್ಲಿ ಬಜೆ. ಹಿತ್ತಾಳೆ ಉರುಳಿ ಹಬ್ಬ–ಮದುವೆಯ ದಿನ ಹೊರಬರಲಿ, ಮರುದಿನ ಒರೆಸಿ ಒಳಗಿಡಿ. ಯಾವುದನ್ನೇ ಕೊಂಡರೂ ಮೊದಲ ವಾರ ಒಳಗೋಡೆಗೊಂದು ಸ್ಕೇಲು ಅಂಟಿಸಿ ದಿನಾ ಬೆಳಿಗ್ಗೆ ನೀರಿನ ಮಟ್ಟ ಬರೆದಿಡಿ. ನಿಮ್ಮ ಅಂಗಳದ ಬಿಸಿಲು, ಗಾಳಿಗೆ ತಕ್ಕ ಅಂಕಿ ಸಿಗುತ್ತದೆ. ಈ ಲೆಕ್ಕಗಳಲ್ಲಿನ 10 ಮಿ.ಮೀ. ಜಾಗದಲ್ಲಿ ಅದನ್ನು ಹಾಕಿದರೆ ಎಷ್ಟು ಕೊಡ, ಎಷ್ಟು ದಿನ ಎಂಬುದು ನಿಮ್ಮ ಮನೆಯದೇ ಲೆಕ್ಕವಾಗುತ್ತದೆ.